ಮನೆ ಪಕ್ಕದ ಓಣಿ: ನೀರು ಮೊದಲು, ಗಿಡ ಆಮೇಲೆ

ತೋಟದ ಮೂಲೆಯಲ್ಲಿ ಅರ್ಧ ಗುಂಟೆ ಪಾಳು ಬಿದ್ದರೆ ಬೆಳೆಗಾರನಿಗೆ ಸಂಕಟವಾಗುತ್ತದೆ. ಅದೇ ಮನೆಗೂ ಕಾಂಪೌಂಡಿಗೂ ನಡುವೆ ಉಳಿದ ಓಣಿಯಲ್ಲಿ ಒಡೆದ ಹೆಂಚು, ಹಳೆಯ ಪೈಪು, ತುಕ್ಕು ಹಿಡಿದ ಸಿಂಪರಣಾ ಡಬ್ಬ ಬಿದ್ದಿದ್ದರೂ ನಾವು ತಿರುಗಿ ನೋಡುವುದಿಲ್ಲ. ಹಾವು ಚೇಳಿಗೆ ಅದು ಒಳ್ಳೆಯ ಠಾವು. ಈ ಓಣಿಯನ್ನು ಹಸನು ಮಾಡುವ ಬಗೆಯನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ. ಅನುಭವವೆಂದರೆ ಇಲ್ಲಿ ಮುಖ್ಯವಾಗಿ ಮಾಡಿಕೊಂಡ ತಪ್ಪು.

ನಮ್ಮ ಮನೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ, ಊರ ನಡುವೆ ಇದೆ. ಹೆಂಚಿನ ಮಾಡು, ಮಣ್ಣಿನ ಗೋಡೆ. ಮನೆಯ ಪೂರ್ವಕ್ಕೆ 5 ಅಡಿ ಅಗಲ, 32 ಅಡಿ ಉದ್ದದ ಓಣಿ. ಕೊಳವೆಬಾವಿ ನಂಬಿ ಅಡಿಕೆ ಹಾಕಿದವರು ನಾವು. ಓಣಿಯಲ್ಲೂ ನಾಲ್ಕು ಗಿಡ ಏಕಾಗಬಾರದೆಂದು ಕೆರೆಗೋಡು ತಂದು ತುಂಬಿಸಿದೆವು. ಗೋಡು ತಳಪಾಯದ ಕಲ್ಲನ್ನು ಮುಚ್ಚಿ ಗೋಡೆಗೆ ತಾಗಿ ನಿಂತಿತು. ಸೆಪ್ಟೆಂಬರ್ ಮಳೆ ಹಿಡಿಯಿತು. ಒಳಗೆ ಗೋಡೆ ಮೊಳದೆತ್ತರ ತೇವವಾಯಿತು, ಅದಕ್ಕೆ ಒರಗಿಸಿದ್ದ ರಾಗಿ ಚೀಲಗಳ ತಳ ಬೂಷ್ಟು ಹಿಡಿಯಿತು. ಯುಗಾದಿಯ ವೇಳೆಗೆ ಬಾಗಿಲವಾಡಕ್ಕೆ ಗೆದ್ದಲು ಹತ್ತಿತ್ತು. ಹಾಕಿದ ಗೋಡನ್ನೆಲ್ಲ ಕೂಲಿ ಕೊಟ್ಟು ಹೊರಸಬೇಕಾಯಿತು.

ಬಯಲುಸೀಮೆಯಲ್ಲಿ ಮಳೆಯೇ ಕಡಿಮೆ, ನೀರಿನ ಚಿಂತೆ ಏಕೆ ಎಂದು ಮಲೆನಾಡಿನ ಸದಸ್ಯರು ಕೇಳಬಹುದು. ಲೆಕ್ಕ ನೋಡಿ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರು ನೀರು. ಓಣಿಯ ಕಡೆಗೆ ಇಳಿಯುವ ನಮ್ಮ ಮಾಡಿನ ಪಾಲು ಸುಮಾರು 30 ಚದರ ಮೀಟರು. ಒಂದಂಗುಲ, ಅಂದರೆ 25 ಮಿ.ಮೀ. ಮಳೆಗೆ 750 ಲೀಟರು ನೀರು ಆ ಇಕ್ಕಟ್ಟಿನಲ್ಲಿ ಸುರಿಯುತ್ತದೆ. ನಮ್ಮ ಕಡೆಯ ಮಳೆ ಬಂದರೆ ಗಂಟೆಯೊಳಗೆ ಒಂದಂಗುಲ ಹೊಡೆದು ಹೋಗುವಂಥದ್ದು. ತೋಟದಲ್ಲಿ ಬಸಿಗಾಲುವೆ ತೆಗೆಯದೆ ಸಸಿ ಇಡದ ನಾವು ಮನೆ ಪಕ್ಕದಲ್ಲಿ ಆ ಬುದ್ಧಿಯನ್ನು ಮರೆತೆವು.

ಎರಡನೆಯ ಸಲ ಹೀಗೆ ಮಾಡಿದೆವು. ಓಣಿಯ ಮಣ್ಣು ತಳಪಾಯದ ಮೇಲಂಚಿಗಿಂತ ಅರ್ಧ ಅಡಿಯಾದರೂ ತಗ್ಗಿರುವಂತೆ ತೆಗೆಸಿದೆವು. ಗೋಡೆಗೆ ಸೇರಿದಂತೆ 2 ಅಡಿ ಅಗಲಕ್ಕೆ ಕಲ್ಲುಚಪ್ಪಡಿ ಹಾಸಿ, ಸಂದಿಗೆ ಗಾರೆ ತುಂಬಿ, ಹೊರಗಡೆಗೆ ಅರ್ಧ ಅಂಗುಲ ಇಳಿಜಾರು ಕೊಟ್ಟೆವು. ಚಪ್ಪಡಿಯ ಅಂಚಿನಲ್ಲಿ ಗೇಣಗಲದ ಕಾಲುವೆ; ಅದು ಹಿಂದಿನಿಂದ ಬೀದಿಯ ಕಡೆಗೆ 32 ಅಡಿಗೆ 4 ಅಂಗುಲ ಇಳಿಯುತ್ತದೆ. ಮಟ್ಟಗೋಲು ಇಲ್ಲದಿದ್ದರೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿರಿ, ಕಣ್ಣಂದಾಜು ನಂಬಬೇಡಿ. ಸೂರಿಗೆ ಅಡಿಕೆ ದಬ್ಬೆ ಕಟ್ಟಿದೆವು. ದಬ್ಬೆ ಬಹಳ ಕಾಲ ಬಾಳುವುದಿಲ್ಲ, ಆದರೆ ಕೈಯಿಂದ ದುಡ್ಡು ಹೋಗುವುದಿಲ್ಲ. ಸೀಳಿದ ಪಿ.ವಿ.ಸಿ. ಪೈಪೂ ಆದೀತು.

ಇನ್ನು ಗಿಡ. ತೋಟದಲ್ಲಿ ದಿಕ್ಕು ನೋಡುವಂತೆ ಇಲ್ಲೂ ನೋಡತಕ್ಕದ್ದು. ಮಧ್ಯಾಹ್ನದ ನಂತರದ ನೈಋತ್ಯದ ಬಿಸಿಲು ಅಡಿಕೆ ಕಾಂಡಕ್ಕೆ ಶತ್ರು. ಬಡಿದ ಕಡೆ ಹಳದಿ ಮಚ್ಚೆ ಎದ್ದು, ಕಂದಾಗಿ, ಸೀಳು ಬಿಟ್ಟು, ಒಂದು ದಿನ ಗಾಳಿಗೆ ಮರ ಮುರಿಯುತ್ತದೆ. ತೋಟದಲ್ಲಿ ಮುರಿದರೆ ಒಂದು ಮರದ ನಷ್ಟ, ಮನೆ ಪಕ್ಕದಲ್ಲಿ ಮುರಿದರೆ ಮಾಡಿನ ಮೇಲೆಯೇ ಬೀಳುತ್ತದೆ. ಪೂರ್ವದ ಓಣಿಗೆ ಮಧ್ಯಾಹ್ನದ ಮೇಲೆ ಮನೆಯದೇ ನೆರಳು ಇರುವುದರಿಂದ ಎಳೆ ಅಡಿಕೆಗೆ ಅದು ಹೇಳಿ ಮಾಡಿಸಿದ ಜಾಗ. ಪಶ್ಚಿಮದ ಓಣಿಯಲ್ಲಿ ಕಾದ ಗೋಡೆಯ ಝಳವೂ ಸೇರುತ್ತದೆ; ಅಲ್ಲಿ ಅಡಿಕೆ ಬೇಡ, ಕರಿಬೇವು, ನಿಂಬೆ, ದಾಸವಾಳ ಸಾಕು.

ನಾವು 9 ಅಡಿಗೆ ಒಂದರಂತೆ ಮೂರೇ ಅಡಿಕೆ ಇಟ್ಟೆವು, ಗೋಡೆಯಿಂದ ಮೂರೂವರೆ ಅಡಿ ದೂರಕ್ಕೆ. ತೋಟದಂತೆ 3 ಅಡಿ ಆಳದ ಗುಂಡಿ ಇಲ್ಲಿ ತೋಡಬಾರದು, ತಳಪಾಯ ಸಡಿಲಾದೀತು. ಒಂದೂವರೆ ಅಡಿ ಸಾಕು. ಅಡಿಕೆಯ ಬೇರು ಜೊಂಡುಬೇರು, ಗೋಡೆ ಒಡೆಯುವಂಥದ್ದಲ್ಲ. ಆದರೆ ಮರ ಎತ್ತರವಾದ ಮೇಲೆ ಹಾಳೆ ಬಿದ್ದು ಹೆಂಚು ಒಡೆಯುವುದುಂಟು. ಹಣ್ಣಾದ ಹಾಳೆಯನ್ನು ಮೊದಲೇ ಎಳೆದು ತೆಗೆಯುವ ಶ್ರದ್ಧೆ ಇದ್ದವರು ಮಾತ್ರ ಇಡಿ. ತೆಂಗಂತೂ ಓಣಿಗೆ ಕೂಡದು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಪೂಜ್ಯವೆಂದು ಬಿಟ್ಟರೆ ಮನೆ ಬಿಡಬೇಕಾಗುತ್ತದೆ. ಎಳೆಯದರಲ್ಲೇ ಕಿತ್ತು ಬೇರೆಡೆ ನೆಟ್ಟರೆ ಪೂಜೆಯೂ ಉಳಿಯಿತು, ಗೋಡೆಯೂ ಉಳಿಯಿತು.

ಕಾವೇರಿ ವನ್ಯಜೀವಿ ಧಾಮದ ಅಂಚಿನಲ್ಲಿ ಮನೆ ಇರುವವರಿಗೆ ಬೇರೆ ಮಾತು. ಓಣಿಯಲ್ಲಿ ಬಾಳೆ, ಹಲಸು ಬೆಳೆಸುವುದೆಂದರೆ ಆನೆಯನ್ನು ಮಲಗುವ ಕೋಣೆಯ ಗೋಡೆಗೇ ಕರೆದಂತೆ. ಅಡಿಕೆಯ ತಿರುಳೂ ಆನೆಗೆ ರುಚಿಯೇ. ಅಂಥ ಮನೆಗಳಲ್ಲಿ ಮೊಳಕಾಲೆತ್ತರದ ಹೂಗಿಡಗಳನ್ನಷ್ಟೇ ಇಟ್ಟು, ರಾತ್ರಿ ಓಣಿಯ ಆ ತುದಿಯವರೆಗೆ ಕಾಣುವಂತೆ ಒಂದು ದೀಪ ಹಾಕುವುದು ಲೇಸು. ಮನೆಯ ಹೆಂಗಸರು ಕತ್ತಲಲ್ಲಿ ಬಚ್ಚಲಿಗೆ ಹೋಗುವ ದಾರಿಯೂ ಬಹಳ ಮನೆಗಳಲ್ಲಿ ಅದೇ.

ಬಚ್ಚಲ ನೀರಿನ ವಿಚಾರ. ಐದು ಜನರ ಸ್ನಾನಕ್ಕೆ ತಲೆಗೆ 20 ಲೀಟರಿನಂತೆ ದಿನಕ್ಕೆ 100 ಲೀಟರು ಹೊರಬರುತ್ತದೆ. ಹನಿ ನೀರಾವರಿಯಲ್ಲಿ ಫಸಲಿನ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಬೇಕಾದದ್ದು 16ರಿಂದ 20 ಲೀಟರು. ಮೂರು ಮರಕ್ಕೆ ಧಾರಾಳವಾಯಿತು. ಕೊಳವೆಬಾವಿ ಬತ್ತುವ ಏಪ್ರಿಲ್‌ನಲ್ಲಿ ಇದು ಸಣ್ಣ ಮಾತಲ್ಲ. ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ, ಎಲ್ಲಿಯೂ ನಿಲ್ಲಬಿಡಬೇಡಿ, ಸೊಳ್ಳೆಯಾಗುತ್ತದೆ. ಬಟ್ಟೆ ಒಗೆದ ಪುಡಿಯ ನೀರನ್ನು ಮಾತ್ರ ಅಡಿಕೆ ಬುಡಕ್ಕೆ ಬಿಡಬಾರದು. ಅದರಲ್ಲಿರುವ ಸೋಡ ಮಣ್ಣನ್ನು ಚೌಳಾಗಿಸಿ ಗಟ್ಟಿ ಮಾಡುತ್ತದೆ. ಆ ನೀರಿಗೆ ಓಣಿಯ ತುದಿಯಲ್ಲಿ ಕಾಬಾಳೆಯ ಒಂದು ಪಾತಿ ಬೇರೆಯೇ ಇದೆ.

ರೇಷ್ಮೆ ಸಾಕುವ ಮನೆಯಾದರೆ ಕಿಟಕಿಗೆ ಎದುರಾಗಿ ಯಾವ ಪೊದೆಯನ್ನೂ ಬೆಳೆಸಬೇಡಿ, ಹುಳುವಿಗೆ ಗಾಳಿ ಬೇಕು. ಓಣಿಯ ಗಿಡಕ್ಕೆ ಕೀಟನಾಶಕವನ್ನಾಗಲಿ ಹೊಗೆಸೊಪ್ಪಿನ ಕಷಾಯವನ್ನಾಗಲಿ ಹೊಡೆಯಬೇಡಿ. ಒಂದು ಗಾಳಿ ಬೀಸಿದರೆ ಚಾಕಿಯೇ ಹೋಗುತ್ತದೆ.

ಚಪ್ಪಡಿಯ ಮೇಲೆ ಕುಂಡಗಳನ್ನು ಸಾಲಾಗಿ ಇಡುವ ಆಸೆ ಮನೆಯಲ್ಲಿ ಹುಟ್ಟಿಯೇ ಹುಟ್ಟುತ್ತದೆ, ನಮ್ಮಲ್ಲೂ ಹುಟ್ಟಿತು. ಒಪ್ಪಲಿಲ್ಲ. ಆ 2 ಅಡಿ ಏಣಿ ಊರುವ ಜಾಗ. ಹೆಂಚು ಕೈಯಾಡಿಸಲು, ದಬ್ಬೆಯ ಕಸ ತೆಗೆಯಲು ಪ್ರತಿ ಮೇ ತಿಂಗಳಲ್ಲಿ ಅಲ್ಲಿಂದಲೇ ಹತ್ತಬೇಕು. ಕುಂಡಗಳು ಈಗ ಮುಂಬಾಗಿಲ ಜಗಲಿಯ ಮೇಲಿವೆ.