ಹೂವಿನ ತೋಟದ ದಿನಾಂಕಗಳು

ಮಕ್ಕಳೇ, ಹೊಸೂರಿನ ಸುತ್ತಮುತ್ತ ಗುಲಾಬಿ ತೋಟಗಳನ್ನು ನೀವು ನೋಡಿರಬಹುದು. ಇಲ್ಲಿನ ತಂಪು ಹವೆ ಗುಲಾಬಿಗೆ ಒಗ್ಗುತ್ತದೆ. ಇಲ್ಲಿಯ ಹೂಗಳು ಬೆಂಗಳೂರಿಗೂ ಹೊರದೇಶಗಳಿಗೂ ಹೋಗುತ್ತವೆ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಮೊದಲು ಗುಲಾಬಿಗೆ ಬೇಡಿಕೆ ಹೆಚ್ಚು. ಆ ದಿನ ಕಳೆದ ಮೇಲೆ ಅರಳಿದ ಹೂವಿಗೆ ಅಷ್ಟು ಬೆಲೆ ಸಿಗದು. ಹಾಗಾದರೆ ಬೇಕಾದ ದಿನಕ್ಕೆ ಹೂ ಬರುವಂತೆ ಮಾಡುವುದು ಹೇಗೆ?

ರೈತರು ಗಿಡದ ಕೊಂಬೆಗಳನ್ನು ಸವರುತ್ತಾರೆ. ಹೊಸ ಚಿಗುರು ಬಂದು ಹೂ ಬಿಡಲು ಸುಮಾರು 45 ದಿನ ಬೇಕು. ಹೂ ಫೆಬ್ರವರಿ 1ಕ್ಕೆ ಬೇಕಾದರೆ ಹಿಂದಕ್ಕೆ ಎಣಿಸಬೇಕು. 32 ದಿನ ಹಿಂದೆ ಹೋದರೆ ಡಿಸೆಂಬರ್ 31. ಇನ್ನೂ 13 ದಿನ ಹಿಂದೆ ಹೋದರೆ ಡಿಸೆಂಬರ್ 18. ಅದೇ ಕೊಂಬೆ ಸವರುವ ದಿನ.

ಈ ಉದಾಹರಣೆಯನ್ನು ನೋಡಿರಿ.

ಕೆಲಸ | ಗೊತ್ತುಮಾಡಿದ ದಿನ | ನಡೆದ ದಿನ
ಸವರುವುದು | 18-12-2025 | 21-12-2025
ಮೊದಲ ಹೂ | 01-02-2026 | 04-02-2026

ಇಲ್ಲಿ ದಿನಾಂಕಕ್ಕೆ ಎರಡು ಅಂಕಣಗಳಿವೆ. ಹೂ ಮೂರು ದಿನ ತಡವಾಯಿತು. ಏಕೆ? ಸವರುವಾಗಲೇ ಮೂರು ದಿನ ತಡವಾಗಿತ್ತು. ಮೊದಲ ದಿನಾಂಕವನ್ನು ಅಳಿಸಿ ಹೊಸದನ್ನು ಬರೆದಿದ್ದರೆ ಈ ಕಾರಣ ತಿಳಿಯುತ್ತಿರಲಿಲ್ಲ.

ಇಂತಹ ಪಟ್ಟಿಯನ್ನು ಗಣಕಯಂತ್ರದಲ್ಲಿಯೂ ಮಾಡಬಹುದು. ನಮಗೆ ಬೇಕಾದ ಅಂಕಣವನ್ನು ಸೇರಿಸಿ, ಅದಕ್ಕೆ ಹೆಸರಿಟ್ಟು, ‘ಇದು ದಿನಾಂಕದ ಅಂಕಣ’ ಎಂದು ಗೊತ್ತುಪಡಿಸಬೇಕು. ಆಗ ನಾವು ಹೇಳಿದಂತೆ ಯಂತ್ರವು ದಿನಗಳನ್ನು ಎಣಿಸುತ್ತದೆ. ಆ ಅಂಕಣದಲ್ಲಿ ‘ಮುಂದಿನ ವಾರ’ ಎಂದು ಬರೆದರೆ ಎಣಿಕೆ ನಡೆಯದು. ತಿಂಗಳು, ವರ್ಷ ಎಲ್ಲವೂ ಇರಬೇಕು.

ಇನ್ನೊಂದು ಎಚ್ಚರಿಕೆ ಇದೆ. 04-02-2026 ಎಂದರೆ ನಮಗೆ ಫೆಬ್ರವರಿ 4. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದರಿಂದ ಅವರಿಗೆ ಅದು ಏಪ್ರಿಲ್ 2! ಹೂ ಕೊಳ್ಳುವವರು ಹೀಗೆ ತಿಳಿದರೆ ಗತಿಯೇನು? ಈ ಗೊಂದಲ ತಪ್ಪಿಸಲು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2026-02-04 ಎಂದು ಬರೆಯುವ ಅಂತರರಾಷ್ಟ್ರೀಯ ಪದ್ಧತಿಯಿದೆ.

ಮಕ್ಕಳೇ, ಹೂವು ನಮಗಾಗಿ ಕಾಯುವುದಿಲ್ಲ. ದಿನವನ್ನು ಎಣಿಸಿ ಕೆಲಸ ಮಾಡುವವರಿಗೆ ಅದು ಸಕಾಲದಲ್ಲಿ ಅರಳುತ್ತದೆ.

ಪದಗಳ ಅರ್ಥ
ಸವರು – ಕೊಂಬೆಯ ತುದಿಯನ್ನು ಕತ್ತರಿಸು
ಒಟ್ಟಲು – ಸಸಿ ಬೆಳೆಸುವ ಮಡಿ
ಸಕಾಲ – ತಕ್ಕ ಸಮಯ

ಅಭ್ಯಾಸ
1. ಪಟ್ಟಿಯಲ್ಲಿ ಎರಡು ದಿನಾಂಕದ ಅಂಕಣಗಳು ಏಕೆ ಬೇಕು?
2. 21 ದಿನದ ರಾಗಿ ಪೈರನ್ನು ಜುಲೈ 25ರಂದು ನಾಟಿ ಮಾಡಬೇಕು. ಒಟ್ಟಲನ್ನು ಯಾವ ದಿನ ಹಾಕಬೇಕು?
3. ನಿಮ್ಮ ಮನೆಯ ಒಂದು ಕೆಲಸಕ್ಕೆ ಇಂತಹ ಪಟ್ಟಿಯನ್ನು ತಯಾರಿಸಿರಿ.