ಮೈಕಿನ ಗುಂಡಿ ಕಾಲಿಗೆ ಕೊಡಿ

ಪ್ರಶ್ನೆ: ನನ್ನ ತವರು ಕುಣಿಗಲ್, ಗಂಡನ ಮನೆ ಗುಬ್ಬಿ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ದಿನವಿಡೀ ಡಿಸ್ಕಾರ್ಡ್‌ನಲ್ಲಿ ತಂಡದವರ ಜೊತೆ ಮಾತಾಡುತ್ತಲೇ ಟೈಪ್ ಮಾಡಬೇಕು. ಕುಕ್ಕರ್ ಕೂಗಿದರೂ, ಅತ್ತೆ ಟೀವಿ ಹಾಕಿದರೂ ಅವರಿಗೆಲ್ಲ ಕೇಳಿಸುತ್ತದೆ. ಕೀಲಿ ಒತ್ತಿ ಹಿಡಿದಾಗ ಮಾತ್ರ ಮಾತು ಹೋಗುವಂತೆ ಇಟ್ಟುಕೊಂಡರೆ ಟೈಪಿಂಗ್ ನಿಲ್ಲುತ್ತದೆ. ‘ಸದ್ದು ಮಾಡಬೇಡಿ’ ಎಂದು ಹೇಳಿ ಹೇಳಿ ಈಗ ಅತ್ತೆ ನನ್ನೊಡನೆ ಮಾತೇ ಕಡಿಮೆ ಮಾಡಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಗುಬ್ಬಿ

ಉತ್ತರ: ಮನೆ ಎಂದ ಮೇಲೆ ಸದ್ದು ಇದ್ದೇ ಇರುತ್ತದಮ್ಮ. ಅದನ್ನು ಅಡಗಿಸುವ ಗೋಜಿಗೆ ಹೋಗದೆ ಮೈಕನ್ನು ಹದ್ದುಬಸ್ತಿನಲ್ಲಿಡಿ. ಕೈಗೆ ಬಿಡುವಿಲ್ಲದಿದ್ದರೆ ಕಾಲಿದೆ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ನಿಮ್ಮ ಗುಬ್ಬಿ. ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ನಿಮಗೆ ಬೇಕಾದ್ದೂ ಅಂಥದೇ ಏರ್ಪಾಡು.

ಮೂಲೆಗೆ ಬಿದ್ದ ಹಳೆಯ ಯುಎಸ್‌ಬಿ ಕೀಬೋರ್ಡ್ ಒಂದು ಸಾಕು, ಅದರಲ್ಲಿ ಟೈಪಿಂಗಿಗೆ ಬೇಕಾಗದ ಸ್ಕ್ರೋಲ್ ಲಾಕ್ ಕೀಲಿಯನ್ನು ಕಾಲಿಗೆ ತರೋಣ. ಸ್ಕ್ರೂ ಬಿಚ್ಚಿದರೆ ಒಳಗೆ ಗೆರೆ ಮೂಡಿಸಿದ ಪಾರದರ್ಶಕ ಹಾಳೆಗಳು, ಮೂಲೆಯಲ್ಲೊಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಕಾಣುತ್ತವೆ. ಸ್ಕ್ರೋಲ್ ಲಾಕ್ ಕೀಲಿಯ ಕೆಳಗಿನಿಂದ ಮೇಲಿನ ಹಾಳೆಯಲ್ಲಿ ಒಂದು ಗೆರೆ, ಕೆಳಗಿನದರಲ್ಲಿ ಇನ್ನೊಂದು ಗೆರೆ ಹೊರಟು ಬೋರ್ಡನ್ನು ಸೇರುತ್ತವೆ. ಅವು ಬೋರ್ಡಿನಲ್ಲಿ ಎಲ್ಲಿ ಮುಟ್ಟುತ್ತವೋ ಆ ಎರಡು ಜಾಗಕ್ಕೆ ಒಂದೊಂದು ವೈರ್ ಬೆಸೆಯಬೇಕು. ಹಾಳೆಗೆ ಬೆಸುಗೆ ತಾಗಿಸಬೇಡಿ, ಕರಗುತ್ತದೆ. ಕೈ ನಡುಗುವುದಾದರೆ ಮೊಬೈಲ್ ರಿಪೇರಿಯವರಿಗೆ ಕೊಡಿ. ಗುಬ್ಬಿಯಲ್ಲಾಗದಿದ್ದರೆ ತುಮಕೂರಿಗೆ ಹೋದಾಗ ಮಾಡಿಸಿ. ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ವೈರುಗಳ ತುದಿ ಒಂದಕ್ಕೊಂದು ತಾಗಿಸಿದಾಗ ಕೀಬೋರ್ಡಿನ ಸ್ಕ್ರೋಲ್ ಲಾಕ್ ದೀಪ ಹತ್ತಿದರೆ ಕೆಲಸ ಸರಿಯಾಗಿದೆ ಎಂದರ್ಥ.

ಆ ತುದಿಗಳಿಗೆ ಕಾಲಿಂಗ್ ಬೆಲ್ ಸ್ವಿಚ್ ಜೋಡಿಸಿ. ಒತ್ತಿದಷ್ಟು ಹೊತ್ತು ಮಾತ್ರ ಕೂಡಿಕೊಳ್ಳುವ ಸ್ವಿಚ್ಚೇ ಬೇಕು. ಲೈಟಿನ ಸ್ವಿಚ್ ಬೇಡ. ಎರಡು ಹಲಗೆಗೆ ಹಿಂಜ್ ಹಾಕಿ, ನಡುವೆ ಸ್ವಿಚ್ ಕೂರಿಸಿ, ಅಕ್ಕಪಕ್ಕ ಮರದ ತುಂಡು ಕೊಡಿ. ಇಲ್ಲದಿದ್ದರೆ ಕಾಲಿನ ಭಾರಕ್ಕೆ ಪ್ಲಾಸ್ಟಿಕ್ ಒಡೆಯುತ್ತದೆ. ಹಿಮ್ಮಡಿ ನೆಲದ ಮೇಲಿದ್ದು ಮುಂಗಾಲಷ್ಟೇ ಒತ್ತುವಂತಿರಲಿ, ಆಗ ಸಂಜೆಗೆ ಕಾಲು ನೋಯುವುದಿಲ್ಲ. ಹೊಲಿಗೆ ಯಂತ್ರದ ಮೋಟಾರ್ ಪೆಡಲ್ ಬಳಸುವ ಆಸೆ ಬೇಡ. ಅದು 230 ವೋಲ್ಟಿನ ಮನೆ ಕರೆಂಟಿಗೆ ಮಾಡಿದ್ದು, ಯುಎಸ್‌ಬಿಯದು ಬರೀ 5 ವೋಲ್ಟ್. ಎರಡನ್ನೂ ಎಂದಿಗೂ ಬೆರೆಸಬಾರದು.

ಡಿಸ್ಕಾರ್ಡ್‌ನಲ್ಲಿ ‘ಪುಶ್ ಟು ಟಾಕ್’ ಆರಿಸಿ, ಕೀಲಿ ಕೇಳಿದಾಗ ಕಾಲಿನಿಂದಲೇ ಒತ್ತಿ. ಬ್ರೌಸರ್ ಬೇಡ, ಆ್ಯಪನ್ನೇ ಹಾಕಿಕೊಳ್ಳಿ. ಬೇರೆ ಕಿಟಕಿಯಲ್ಲಿ ಟೈಪ್ ಮಾಡುವಾಗಲೂ ಸ್ವಿಚ್ ಕೇಳಬೇಕಲ್ಲ. ‘ರಿಲೀಸ್ ಡಿಲೇ’ ತುಸು ಹೆಚ್ಚಿಸಿದರೆ ಕೊನೆಯ ಪದ ತುಂಡಾಗದು. ಎಕ್ಸೆಲ್‌ನಲ್ಲಿ ಮಾತ್ರ ಸ್ಕ್ರೋಲ್ ಲಾಕ್ ಆನ್ ಆದರೆ ಬಾಣದ ಕೀಲಿಗಳು ಹಾಳೆಯನ್ನೇ ಸರಿಸುತ್ತವೆ. ಗಾಬರಿಯಾಗದೆ ಇನ್ನೊಮ್ಮೆ ಒತ್ತಿ. ಕಂಪ್ಯೂಟರ್ ಆಫೀಸಿನದಾದರೆ ಇದನ್ನು ಜೋಡಿಸುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ.

ಇನ್ನು ಅತ್ತೆಯವರ ವಿಚಾರ. ತನ್ನ ಮನೆಯಲ್ಲೇ ಉಸಿರು ಬಿಗಿಹಿಡಿದು ಓಡಾಡುವುದು ಹಿರಿಯ ಜೀವಕ್ಕೆ ಬಹಳ ನೋವಿನ ಸಂಗತಿ. ಸ್ವಿಚ್ ಸಿದ್ಧವಾದ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒತ್ತಿ, ಬಿಟ್ಟು ತೋರಿಸಿ. ಕಾಲೆತ್ತಿದರೆ ಮನೆಯ ಮಾತು ಆಚೆ ಹೋಗುವುದಿಲ್ಲವೆಂದು ತಿಳಿಸಿ, ‘ಇಷ್ಟು ದಿನ ತೊಂದರೆ ಕೊಟ್ಟೆ ಅತ್ತೆ, ಇನ್ನು ಟೀವಿ ಹಾಕಿಕೊಳ್ಳಿ’ ಎಂದು ನೀವೇ ಬಾಯಿಬಿಟ್ಟು ಹೇಳಿ.