ಬದಲಾಗದ ಸ್ಥಿತಿಯ ಅಭಿವ್ಯಕ್ತಿ: ಜಪಾನಿಯ ‘ಮಮ’ ಮತ್ತು ಕನ್ನಡದ ಅವಧಾರಣೆಯ ‘ಏ’

1. ಪ್ರವೇಶ

ಒಂದು ಕ್ರಿಯೆ ನಡೆಯಿತು, ನಡೆಯುತ್ತಿದೆ ಅಥವಾ ನಡೆಯಲಿದೆ ಎಂದು ಹೇಳುವ ಬಗೆಯನ್ನು ನಮ್ಮ ವ್ಯಾಕರಣಗಳು ವಿಸ್ತಾರವಾಗಿ ವಿವರಿಸಿವೆ. ಆದರೆ ನಡೆಯಬೇಕಾಗಿದ್ದ ಬದಲಾವಣೆ ನಡೆಯದೆ, ಇದ್ದ ಸ್ಥಿತಿ ಇದ್ದಂತೆಯೇ ಉಳಿಯಿತು ಎಂಬುದನ್ನು ಭಾಷೆ ಹೇಗೆ ಹೇಳುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಪ್ರತ್ಯೇಕವಾದ ಸ್ಥಾನವಿಲ್ಲ. ‘ಅವನು ಮಲಗಿದಾಗ ದೀಪ ಉರಿಯುತ್ತಿತ್ತು’ ಮತ್ತು ‘ಅವನು ದೀಪ ಆರಿಸದೆಯೇ ಮಲಗಿದ’ ಎಂಬ ಎರಡು ವಾಕ್ಯಗಳು ಒಂದೇ ಸಂಗತಿಯನ್ನು ಕುರಿತವು. ಆದರೆ ಎರಡನೆಯದರಲ್ಲಿ ಒಂದು ಹೆಚ್ಚಿನ ಅರ್ಥವಿದೆ: ಮಲಗುವ ಮೊದಲು ದೀಪ ಆರಿಸುವುದು ವಾಡಿಕೆ, ಅದು ಇಲ್ಲಿ ನಡೆಯಲಿಲ್ಲ.

ಜಪಾನಿ ಭಾಷೆಯಲ್ಲಿ ಈ ಅರ್ಥಕ್ಕೆಂದೇ ಮೀಸಲಾದ ‘ಮಮ’ ಎಂಬ ರೂಪವಿದೆ. ಆ ರೂಪದ ಸ್ವರೂಪವನ್ನು ವಿವರಿಸಿ, ಅದರ ಎದುರಿನಲ್ಲಿ ಕನ್ನಡದ ಸಾಧನಗಳನ್ನು ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದು ವಂಶಸಂಬಂಧವನ್ನು ಸ್ಥಾಪಿಸುವ ಪ್ರಯತ್ನವಲ್ಲ ಎಂಬುದನ್ನು ಆರಂಭದಲ್ಲಿಯೇ ಹೇಳಬೇಕು. ಜಪಾನಿ ವಿದ್ವಾಂಸ ಸುಸುಮು ಓನೊ (1919–2008) ಅವರು ಜಪಾನಿ ಮತ್ತು ತಮಿಳುಗಳ ನಡುವೆ ಸಂಬಂಧವಿದೆಯೆಂದು ವಾದಿಸಿದ್ದರು. ಐತಿಹಾಸಿಕ ಭಾಷಾವಿಜ್ಞಾನಿಗಳಲ್ಲಿ ಬಹುತೇಕರು ಆ ವಾದವನ್ನು ಒಪ್ಪಿಲ್ಲ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದು, ಪ್ರತ್ಯಯಗಳು ಒಂದರ ಹಿಂದೊಂದು ಸೇರುವುದು, ವಿಶೇಷಣವಾಕ್ಯ ನಾಮಪದಕ್ಕಿಂತ ಮೊದಲು ಬರುವುದು, ಈ ರಚನಾಸಾಮ್ಯಗಳಷ್ಟೇ ಇಲ್ಲಿನ ಹೋಲಿಕೆಗೆ ಸಾಕು.

2. ‘ಮಮ’: ರೂಪ ಮತ್ತು ಪ್ರಯೋಗ

ಸಂಸ್ಕೃತದ ‘ಮಮ’ ಶಬ್ದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಜಪಾನಿಯ ‘ಮಮ’ ವ್ಯಾಕರಣದ ದೃಷ್ಟಿಯಿಂದ ಒಂದು ನಾಮಪದ. ಆದರೆ ಸ್ವತಂತ್ರವಾಗಿ ನಿಲ್ಲದೆ, ತನ್ನ ಹಿಂದೆ ಒಂದು ವಿಶೇಷಣವನ್ನು ಬಯಸುವ ನಾಮಪದ. ‘ಇದ್ದ ಸ್ಥಿತಿ’ ಎಂದು ಅದರ ಅರ್ಥವನ್ನು ಸ್ಥೂಲವಾಗಿ ಹೇಳಬಹುದು. ಅದರ ಮುಖ್ಯ ಪ್ರಯೋಗಗಳು ಹೀಗಿವೆ:

(1) ದೆಂಕಿ ಒ ತ್ಸುಕೆತ ಮಮ ನೆತ: ದೀಪ ಹಾಕಿಕೊಂಡೇ ಮಲಗಿದ.
(2) ಕುತ್ಸು ಒ ಹೈತ ಮಮ ಹೈತ್ತ: ಬೂಟು ಹಾಕಿಕೊಂಡೇ ಒಳಗೆ ಬಂದ.
(3) ಯಸೈ ಒ ನಮ ನೊ ಮಮ ತಬೆರು: ತರಕಾರಿಯನ್ನು ಹಸಿಯಾಗಿಯೇ ತಿನ್ನುತ್ತಾನೆ.
(4) ಕೊನೊ ಮಚಿ ವ ಮುಕಶಿ ನೊ ಮಮ ದ: ಈ ಊರು ಹಿಂದೆ ಇದ್ದ ಹಾಗೆಯೇ ಇದೆ.

ಕ್ರಿಯಾಪದದ ಜೊತೆಯಲ್ಲಿ ಬರುವಾಗ ‘ಮಮ’ ಸಾಮಾನ್ಯವಾಗಿ ‘ತ’ ಪ್ರತ್ಯಯವಿರುವ ರೂಪವನ್ನು ಬೇಡುತ್ತದೆ (1, 2). ಮುಖ್ಯಕ್ರಿಯೆ ಭವಿಷ್ಯದಲ್ಲಿದ್ದರೂ, ವಿಧಿರೂಪದಲ್ಲಿದ್ದರೂ ಈ ‘ತ’ ಬದಲಾಗುವುದಿಲ್ಲ. ಅದು ಸೂಚಿಸುವುದು ಭೂತಕಾಲವನ್ನಲ್ಲ, ಮುಖ್ಯಕ್ರಿಯೆಗಿಂತ ಮೊದಲೇ ಮುಗಿದಿರುವಿಕೆಯನ್ನು. ‘ನಾಳೆ ಬಂದವನಿಗೆ ಕೊಡು’ ಎಂಬಲ್ಲಿನ ನಮ್ಮ ಭೂತಕೃದಂತದ ನಡತೆಯೂ ಇಂಥದೇ. ನಾಮಪದದ ಜೊತೆಯಲ್ಲಿ ‘ನೊ’ ಎಂಬ ಷಷ್ಠಿಯ ಪ್ರತ್ಯಯ ಬರುತ್ತದೆ (3, 4). ಇಲ್ಲಿ ಕನ್ನಡ ‘ಹಸಿಯಾಗಿಯೇ’, ‘ಇದ್ದ ಹಾಗೆಯೇ’ ಎಂದು ‘ಆಗು’ ಅಥವಾ ‘ಇರು’ ಧಾತುವಿನ ನೆರವನ್ನು ಪಡೆಯಬೇಕಾಗುತ್ತದೆ. ಜಪಾನಿಗೆ ಆ ನೆರವು ಬೇಕಾಗಿಲ್ಲ.

‘ಮಮ’ ಶಬ್ದಕ್ಕೆ ‘ಇಚ್ಛೆಯಂತೆ, ಒಲಿದಂತೆ’ ಎಂಬ ಅರ್ಥವೂ ಉಂಟು. ‘ವಗಮಮ’ ಎಂಬ ನಿತ್ಯಬಳಕೆಯ ಶಬ್ದದಲ್ಲಿ ‘ವಗ’ ಎಂದರೆ ‘ತನ್ನ’. ‘ತನಗೆ ತೋಚಿದಂತೆ ನಡೆಯುವಿಕೆ’ ಎಂಬುದರಿಂದ ಅದು ‘ಸ್ವಾರ್ಥ, ಹಟಮಾರಿತನ’ ಎಂಬ ಅರ್ಥಕ್ಕೆ ಬಂದಿದೆ. ಒಂದು ಸ್ಥಿತಿಯನ್ನು ತಡೆಯದೆ, ತಿದ್ದದೆ ಅದರ ಪಾಡಿಗೆ ಇರಗೊಡುವುದು ಎಂಬ ಭಾವ ಎರಡೂ ಅರ್ಥಗಳಿಗೆ ಸಮಾನವಾಗಿದೆ. ಕನ್ನಡದ ‘ಅಂತೆ’ ಕೂಡ ‘ಇದ್ದಂತೆ’, ‘ಇಷ್ಟ ಬಂದಂತೆ’ ಎಂದು ಎರಡೂ ಕಡೆ ಒದಗುವುದು ಗಮನಾರ್ಹ.

3. ನಿರೀಕ್ಷೆಯ ಅಂಶ

‘ಮಮ’ದ ಅರ್ಥ ಬರಿಯ ‘ಸ್ಥಿತಿ’ಯಲ್ಲ ಎಂಬುದು ಕೆಳಗಿನ ಜೋಡಿಯಿಂದ ಸ್ಪಷ್ಟವಾಗುತ್ತದೆ.

(5) ಮೆಗನೆ ಒ ಕಕೆತ ಮಮ ನೆತ: ಕನ್ನಡಕ ಹಾಕಿಕೊಂಡೇ ಮಲಗಿದ.
(6) ಮೆಗನೆ ಒ ಕಕೆತೆ ಹೊನ್ ಒ ಯೊಂದ: ಕನ್ನಡಕ ಹಾಕಿಕೊಂಡು ಪುಸ್ತಕ ಓದಿದ.

ಐದನೆಯ ವಾಕ್ಯದಲ್ಲಿ ‘ಮಮ’ ಸಹಜ. ಆರನೆಯದರಲ್ಲಿ ಅದನ್ನು ಬಳಸಿದರೆ ಜಪಾನಿಯರಿಗೆ ವಿಚಿತ್ರವೆನಿಸುತ್ತದೆ. ಓದುವಾಗ ಕನ್ನಡಕವಿರುವುದು ಸಹಜ. ಮಲಗುವಾಗ ಅದನ್ನು ತೆಗೆಯಬೇಕು. ಎಂದರೆ, ಸ್ಥಿತಿಯೊಂದು ಬದಲಾಗಬೇಕೆಂಬ ನಿರೀಕ್ಷೆ ಇದ್ದು ಅದು ಬದಲಾಗದಿದ್ದಾಗ ಮಾತ್ರ ‘ಮಮ’ಕ್ಕೆ ಎಡೆಯಿದೆ. ಎರಡನೆಯ ವಾಕ್ಯದ ಹಿನ್ನೆಲೆಯಲ್ಲಿಯೂ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡುವ ಜಪಾನಿ ಮನೆಯ ರೂಢಿಯಿದೆ.

ಈಗ ಕನ್ನಡದ ಅನುವಾದಗಳನ್ನು ಗಮನಿಸೋಣ. ‘ಹಾಕಿಕೊಂಡೇ ಮಲಗಿದ’, ‘ಹಾಕಿಕೊಂಡು ಓದಿದ’ ಎಂಬಲ್ಲಿ ಅದೇ ಭೇದವನ್ನು ಕನ್ನಡ ಒಂದೇ ಸ್ವರದಿಂದ ಸಾಧಿಸಿದೆ. ಅಂಗಡಿಗೆ ಬಂದವನ ಬಗ್ಗೆ ‘ಚಪ್ಪಲಿ ಹಾಕಿಕೊಂಡು ಬಂದ’ ಎನ್ನುತ್ತೇವೆ. ದೇವರ ಮನೆಗೆ ಬಂದವನ ಬಗ್ಗೆ ‘ಚಪ್ಪಲಿ ಹಾಕಿಕೊಂಡೇ ಬಂದ’ ಎನ್ನುತ್ತೇವೆ. ನಾವು ‘ಅವಧಾರಣೆ’ ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುವ ‘ಏ’ ಇಲ್ಲಿ ನಿರ್ದಿಷ್ಟವಾದ ವ್ಯಾಕರಣಕಾರ್ಯವನ್ನು ಮಾಡುತ್ತಿದೆ.

ಆದರೆ ಈ ‘ಏ’ ಎಲ್ಲೆಡೆಯಲ್ಲಿಯೂ ಇದೇ ಅರ್ಥವನ್ನು ಕೊಡುವುದಿಲ್ಲ. ‘ಊಟ ಮಾಡಿಯೇ ಹೋದ’ ಎಂದರೆ ‘ಊಟವಾಗುವ ಮೊದಲು ಹೋಗಲಿಲ್ಲ’ ಎಂದರ್ಥ. ಅಲ್ಲಿ ಸ್ಥಿತಿಯ ಮುಂದುವರಿಕೆಯಿಲ್ಲ, ಪೂರ್ವಾಪರಕ್ರಮದ ಒತ್ತು ಇದೆ. ಈ ವ್ಯತ್ಯಾಸಕ್ಕೆ ಕಾರಣ ಧಾತುವಿನ ಸ್ವಭಾವ. ‘ಹಾಕಿಕೊಳ್ಳು’ ಎಂಬ ಕ್ರಿಯೆ ಮುಗಿದ ಮೇಲೆ ಒಂದು ಸ್ಥಿತಿ ಉಳಿಯುತ್ತದೆ ಮತ್ತು ಅದನ್ನು ಮರಳಿ ಅಳಿಸಬಹುದು. ‘ಊಟ ಮಾಡು’ ಎಂಬುದರಿಂದ ಅಂಥ ಸ್ಥಿತಿ ಉಳಿಯುವುದಿಲ್ಲ. ಜಪಾನಿಯ ‘ಮಮ’ ಕೂಡ ಫಲಸ್ಥಿತಿಯನ್ನು ಉಳಿಸುವ ಧಾತುಗಳ ಜೊತೆಗೇ ಸೇರುತ್ತದೆ. ‘ಟಿವಿ ನೋಡುತ್ತಾ ಉಂಡ’ ಎನ್ನುವಂಥ ಏಕಕಾಲದ ಕ್ರಿಯೆಗಳಿಗೆ ಅಲ್ಲಿ ‘ನಗರ’ ಎಂಬ ಬೇರೊಂದು ಪ್ರತ್ಯಯವಿದೆ. ನಮ್ಮಲ್ಲಿ ‘ಉತ್ತಾ’ ಇದೆ.

‘ಬಾಗಿಲು ತೆಗೆದೇ ಮಲಗಿದ’ ಎಂಬ ವಾಕ್ಯಕ್ಕೆ ‘ತೆಗೆದ ಮೇಲೆಯೇ ಮಲಗಿದ’ ಎಂಬ ಅರ್ಥವೂ ಬರಬಹುದು. ಇಂಥ ಸಂದಿಗ್ಧವನ್ನು ಕನ್ನಡ ನಿಷೇಧಕೃದಂತದಿಂದ ಪರಿಹರಿಸಿಕೊಳ್ಳುತ್ತದೆ: ‘ಬಾಗಿಲು ಹಾಕದೆಯೇ ಮಲಗಿದ’. ಹಚ್ಚು–ಆರಿಸು, ತೆಗೆ–ಹಾಕು, ಕಟ್ಟು–ಬಿಚ್ಚು ಮುಂತಾದ ಧಾತುಗಳ ಜೋಡಿಯಲ್ಲಿ ವಿರುದ್ಧವಾದುದನ್ನು ಆರಿಸಿ, ಅದು ನಡೆಯಲಿಲ್ಲವೆಂದು ಹೇಳುವ ಕ್ರಮವಿದು. ಜಪಾನಿ ಉಳಿದ ಸ್ಥಿತಿಯನ್ನು ಹೆಸರಿಸಿದರೆ, ಕನ್ನಡ ನಡೆಯದೆ ಹೋದ ಬದಲಾವಣೆಯನ್ನು ಹೆಸರಿಸುತ್ತದೆ.

4. ‘ಪ್ಪನಶಿ’ ಮತ್ತು ‘ಕಿರಿ’

‘ಮಮ’ ತಟಸ್ಥವಾದ ರೂಪ. ಅದೇ ಸ್ಥಿತಿಯನ್ನು ಆಕ್ಷೇಪದ ದನಿಯಲ್ಲಿ ಹೇಳಲು ‘ಪ್ಪನಶಿ’ ಇದೆ.

(7) ದೋಅ ಒ ಅಕೆಪ್ಪನಶಿ ನಿ ಶಿತ: ಬಾಗಿಲು ತೆಗೆದು ಹಾಗೇ ಬಿಟ್ಟುಬಿಟ್ಟ.
(8) ಮಿಜು ಒ ದಶಿಪ್ಪನಶಿ ನಿ ಶಿತ: ನೀರು ಹರಿಯಲು ಬಿಟ್ಟು ಸುಮ್ಮನಾದ.

ಇದರ ಮೂಲ ‘ಹನಸು’ ಎಂಬ ಧಾತು; ಅರ್ಥ ‘ಕೈಬಿಡು, ಬಿಟ್ಟುಕೊಡು’. ದ್ವಿತ್ವದಲ್ಲಿ ಹಕಾರದ ಸ್ಥಾನದಲ್ಲಿ ಪಕಾರ ಬಂದಿದೆ. ಜಪಾನಿಯ ಹಕಾರವೂ ಪ್ರಾಚೀನ ಪಕಾರದಿಂದ ಬಂದುದಾದ್ದರಿಂದ, ‘ಪಾಲು’ ‘ಹಾಲು’ ಆದರೂ ‘ತಪ್ಪು’, ‘ಉಪ್ಪು’ಗಳಲ್ಲಿ ಪಕಾರವನ್ನು ಉಳಿಸಿಕೊಂಡ ಕನ್ನಡದ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು. ‘ತಚಿಪ್ಪನಶಿ’ ಎಂದರೆ ಬಹಳ ಹೊತ್ತು ನಿಂತೇ ಇರಬೇಕಾಗಿ ಬಂದ ಸ್ಥಿತಿ. ಅಲ್ಲಿಯೂ ದಣಿವಿನ, ಬೇಸರದ ಸೂಚನೆಯಿರುತ್ತದೆ. ಏಳನೆಯ ವಾಕ್ಯದ ಕನ್ನಡರೂಪದಲ್ಲಿ ‘ಬಿಡು’ ಧಾತು ತಾನಾಗಿಯೇ ಬಂದು ಕೂತಿರುವುದನ್ನು ಗಮನಿಸಬೇಕು. ಮಾಡಬೇಕಾದುದನ್ನು ಮಾಡದೆ ಹೋದ ಅಲಕ್ಷ್ಯವನ್ನು ಎರಡು ಭಾಷೆಗಳೂ ‘ಕೈಬಿಡುವ’ ಧಾತುವಿನಿಂದಲೇ ಹೇಳಿವೆ.

‘ಕಿರಿ’ ಎಂಬುದು ‘ಕಿರು’ (ಕತ್ತರಿಸು) ಧಾತುವಿನಿಂದ ಬಂದುದು. ‘ಇತ್ತ ಕಿರಿ’ ಎಂದರೆ ಹೋದವನು ಮತ್ತೆ ಬರಲಿಲ್ಲ. ‘ನೆತಕಿರಿ’ ಎಂದರೆ ಮಲಗಿದವನು ಮತ್ತೆ ಏಳದೆ ಹಾಸಿಗೆ ಹಿಡಿದ ಸ್ಥಿತಿ. ಒಂದು ಕ್ರಿಯೆಯಾದ ಮೇಲೆ ನಿರೀಕ್ಷಿತವಾದ ಮುಂದಿನ ಕ್ರಿಯೆ ಕಡಿದುಹೋಗಿದೆ ಎಂಬುದೇ ಇದರ ಅರ್ಥ. ಕನ್ನಡದಲ್ಲಿ ‘ಹೋದವನು ಹೋದವನೇ’ ಎಂಬ ದ್ವಿರುಕ್ತಿ ಇದಕ್ಕೆ ಸಂವಾದಿಯಾಗಿದೆ. ಇಲ್ಲಿಯೂ ಕೊನೆಯ ‘ಏ’ಯನ್ನು ತೆಗೆದರೆ ವಾಕ್ಯ ನಿಲ್ಲುವುದಿಲ್ಲ.

5. ಸಹಾಯಕ ಧಾತುಗಳು

ಫಲಸ್ಥಿತಿಯನ್ನು ಸೂಚಿಸಲು ಜಪಾನಿಯಲ್ಲಿ ‘ತೆ’ ರೂಪದ ಮುಂದೆ ಸಹಾಯಕ ಧಾತುಗಳು ಬರುತ್ತವೆ: ‘ಮದೊ ಗ ಐತೆ ಇರು’ (ಕಿಟಕಿ ತೆರೆದಿದೆ), ‘ಮದೊ ಗ ಅಕೆತೆ ಅರು’ (ಕಿಟಕಿಯನ್ನು ಯಾರೋ ತೆರೆದಿಟ್ಟಿದ್ದಾರೆ), ‘ಮದೊ ಒ ಅಕೆತೆ ಒಕು’ (ಕಿಟಕಿಯನ್ನು ತೆರೆದಿಡು). ‘ಒಕು’ ಎಂದರೆ ‘ಇಡು’. ಕನ್ನಡದ ‘ತೆರೆದಿಡು’ ಅದಕ್ಕೆ ಅಕ್ಷರಶಃ ಸಮಾನ. ಜಪಾನಿಯ ‘ಇರು’ ಮತ್ತು ಕನ್ನಡದ ‘ಇರು’ಗಳ ಧ್ವನಿಸಾಮ್ಯ ಆಕರ್ಷಕವಾದರೂ, ಅಂಥ ಒಂಟಿ ಸಾಮ್ಯದಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಹರುಹಿಕೊ ಕಿಂದಈಚಿ ಅವರು 1950ರಲ್ಲಿ ಜಪಾನಿ ಧಾತುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದು ‘ತೆ ಇರು’ ರೂಪದ ಜೊತೆಗಿನ ಅವುಗಳ ನಡತೆಯನ್ನು ಆಧರಿಸಿ. ‘ಶಿಂದೆ ಇರು’ ಎಂದರೆ ‘ಸಾಯುತ್ತಿದ್ದಾನೆ’ ಎಂದಲ್ಲ, ‘ಸತ್ತಿದ್ದಾನೆ’ ಎಂದು. ಕನ್ನಡ ಈ ಭೇದವನ್ನು ಕೃದಂತದಲ್ಲಿಯೇ ತೋರಿಸುವುದರಿಂದ ನಮಗೆ ಧಾತುಗಳ ಅಂಥ ವಿಂಗಡಣೆಯ ಅಗತ್ಯ ಕಂಡಿರಲಿಲ್ಲ. ಆದರೆ ಮೇಲೆ ನೋಡಿದಂತೆ ‘ಹಾಕಿಕೊಂಡೇ’ ಮತ್ತು ‘ಊಟ ಮಾಡಿಯೇ’ಗಳ ಅಂತರವನ್ನು ವಿವರಿಸಲು ನಮಗೂ ಅದು ಬೇಕಾಗಿದೆ.

‘ತೆ ಇರು’ ಸ್ಥಿತಿಯನ್ನು ವರದಿ ಮಾಡುತ್ತದೆ. ‘ಮಮ’ ಆ ಸ್ಥಿತಿಯನ್ನು ನಿರೀಕ್ಷೆಯ ಎದುರು ನಿಲ್ಲಿಸುತ್ತದೆ. ‘ಪ್ಪನಶಿ’ ಅದಕ್ಕೆ ಹೊಣೆಗಾರರನ್ನು ಹುಡುಕುತ್ತದೆ. ‘ಕಿರಿ’ ಮುಂದಿನ ದಾರಿಯನ್ನು ಮುಚ್ಚುತ್ತದೆ.

6. ಅನುವಾದದ ಪ್ರಶ್ನೆ

ಜಪಾನಿ ಸಾಹಿತ್ಯ ಬಹುಪಾಲು ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ಬಂದಿದೆ. ಬಾಗಿಲು ತೆರೆದಿದ್ದ ಸಂದರ್ಭವನ್ನು ಹೇಳುವ ‘ಮಮ’ ಮತ್ತು ‘ಪ್ಪನಶಿ’ ಎರಡೂ ಇಂಗ್ಲಿಷಿನಲ್ಲಿ ಅನೇಕ ವೇಳೆ ಒಂದೇ ನುಡಿಗಟ್ಟಿಗೆ ಇಳಿಯುತ್ತವೆ. ಆ ಇಂಗ್ಲಿಷನ್ನು ಮುಂದಿಟ್ಟುಕೊಂಡ ಕನ್ನಡ ಅನುವಾದಕನಿಗೆ, ಪಾತ್ರವೊಂದು ತನ್ನ ಗಂಡನ ಮರೆವನ್ನು ಸುಮ್ಮನೆ ಹೇಳುತ್ತಿದೆಯೋ ದೂರುತ್ತಿದೆಯೋ ತಿಳಿಯುವ ದಾರಿಯಿಲ್ಲ. ಆಶ್ಚರ್ಯವೆಂದರೆ, ಇಂಗ್ಲಿಷಿನಲ್ಲಿ ಕಳೆದುಹೋದ ಭೇದವನ್ನು ಹೇಳುವ ಸಾಮರ್ಥ್ಯ ಕನ್ನಡಕ್ಕೆ ಇದೆ: ‘ಬಾಗಿಲು ಹಾಕದೆಯೇ ಹೋದರು’ ಎಂಬುದಕ್ಕೂ ‘ಬಾಗಿಲು ತೆಗೆದು ಹಾಗೇ ಬಿಟ್ಟು ಹೋದರು’ ಎಂಬುದಕ್ಕೂ ನಡುವಿನ ಅಂತರ ಯಾವ ಕನ್ನಡಿಗನಿಗೂ ತಿಳಿಯುತ್ತದೆ. ನಮ್ಮಲ್ಲಿ ಇರುವುದನ್ನೇ ಬಳಸಲಾಗದೆ ಹೋಗುವುದು ನಡುವಿನ ಭಾಷೆಯ ಕಾರಣದಿಂದ.

7. ಉಪಸಂಹಾರ

ಒಟ್ಟಿನಲ್ಲಿ, ಜಪಾನಿ ‘ಮಮ’ ಎಂಬ ಒಂದು ಶಬ್ದಕ್ಕೆ ವಹಿಸಿದ ಕೆಲಸವನ್ನು ಕನ್ನಡ ‘ಹಾಗೆಯೇ’, ‘ಅಂತೆಯೇ’, ‘ಆಗಿಯೇ’, ‘ಕೊಂಡೇ’, ‘ಅದೆಯೇ’ ಎಂದು ಹಲವು ರೂಪಗಳಿಗೆ ಹಂಚಿದೆ. ಮೇಲುನೋಟಕ್ಕೆ ಇವು ಚದುರಿದ ಸಾಮಗ್ರಿ. ಆದರೆ ಐದರಲ್ಲಿಯೂ ಸಾಮಾನ್ಯವಾಗಿರುವುದು ಕೊನೆಯ ‘ಏ’. ಆ ‘ಏ’ಯನ್ನು ಕಳೆದರೆ ಉಳಿಯುವುದು ರೀತಿ, ಹೋಲಿಕೆ ಅಥವಾ ಬರಿಯ ಅಭಾವ, ಅದು ಸೇರಿದಾಗ ನಿರೀಕ್ಷೆಯನ್ನು ಮೀರಿ ಉಳಿದ ಸ್ಥಿತಿ.

ಕನ್ನಡದ ವ್ಯಾಕರಣವನ್ನು ಕನ್ನಡದ ಒಳಗಿನಿಂದಲೇ ಕಟ್ಟಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ಕೆಲಸಕ್ಕೆ ಸಂಸ್ಕೃತ ಮತ್ತು ಇಂಗ್ಲಿಷುಗಳ ಚೌಕಟ್ಟು ಸಾಲದು ಎಂಬುದಕ್ಕೆ ಅವಧಾರಣೆಯ ‘ಏ’ ಒಂದು ಸಾಕ್ಷಿ. ದೂರದ, ಆದರೆ ರಚನೆಯಲ್ಲಿ ಸಮೀಪದ ಭಾಷೆಯೊಂದನ್ನು ಎದುರಿಗಿಟ್ಟುಕೊಂಡಾಗ ನಮ್ಮ ಭಾಷೆಯಲ್ಲಿ ಹೆಸರಿಲ್ಲದೆ ನಡೆದುಕೊಂಡು ಬಂದ ವ್ಯವಸ್ಥೆಯೊಂದು ಕಣ್ಣಿಗೆ ಬೀಳುತ್ತದೆ. ಹಳಗನ್ನಡ ಮತ್ತು ನಡುಗನ್ನಡ ಪಠ್ಯಗಳಲ್ಲಿ ‘ಏ’ಯ ಈ ಪ್ರಯೋಗ ಎಂದಿನಿಂದ ಕಾಣಿಸಿಕೊಳ್ಳುತ್ತದೆ, ಉಪಭಾಷೆಗಳಲ್ಲಿ ಅದರ ರೂಪಭೇದಗಳೇನು ಎಂಬುದನ್ನು ಸಂಗ್ರಹಿಸಿ ನೋಡುವ ಕೆಲಸವನ್ನು ಸಂಶೋಧಕರು ಕೈಗೆತ್ತಿಕೊಳ್ಳಬೇಕಾಗಿದೆ.